ಮರು: ಡೋಪಿಂಗ್‌ಗೆ ಕನ್ನಡ ಪದ (ಸಬ್‌ಟೈಟಲ್‌ಗೆ, ನಾಳೆ ಸಂಜೆಯೊಳಗೆ ಬೇಕು)

> ‘ಉದ್ದೀಪನ ಮದ್ದು’ ಅಂತ ಪತ್ರಿಕೆಗಳಲ್ಲಿ ಬರುತ್ತಲ್ಲ, ಅಷ್ಟು ಸಾಕು.

ಸಾಕಾಗುವುದಿಲ್ಲ. ಪದ ಕೇಳಿದವರು ಸಬ್‌ಟೈಟಲ್ ಬರೆಯುತ್ತಿರುವುದು ಸೈಕಲ್ ರೇಸಿನ ಕಥೆಗೆ. ಅಲ್ಲಿ ಈ ಪದ ಅರ್ಧ ದಾರಿಯಲ್ಲೇ ಕೈ ಕೊಡುತ್ತದೆ.

1967ರಲ್ಲಿ ಸೈಕಲ್ ಸವಾರ ಟಾಮ್ ಸಿಂಪ್ಸನ್ ರೇಸಿನಲ್ಲಿ ಫ್ರಾನ್ಸ್‌ನ ಮೋ ವಾಂಟೂ ಬೆಟ್ಟ ಹತ್ತುವಾಗ ಬಿದ್ದು ಸತ್ತರು. ದೇಹದಲ್ಲಿ ಆಂಫೆಟಮಿನ್ ಇತ್ತು. ಅದು ದಣಿವು ಮರೆಸಿ ಹುರುಪು ಹುಟ್ಟಿಸುವ ಮದ್ದು. ಅಲ್ಲಿ ‘ಉದ್ದೀಪನ’ ಅಂತ ಧಾರಾಳವಾಗಿ ಬರೆಯಿರಿ.

ಆದರೆ 1998ರ ಫೆಸ್ಟಿನಾ ಹಗರಣ? ಫೆಸ್ಟಿನಾ ಅನ್ನುವ ಸೈಕಲ್ ತಂಡದ ಸಹಾಯಕ ವಿಲ್ಲಿ ವೊಟ್ ಅವರ ಕಾರನ್ನು ಬೆಲ್ಜಿಯಂ ಗಡಿಯಲ್ಲಿ ತಡೆದಾಗ ಸಿಕ್ಕಿದ ಮಾಲಿನಲ್ಲಿ ಮುಖ್ಯವಾದದ್ದು ಇಪಿಒ. ಅದು ಕೆಂಪು ರಕ್ತಕಣ ಹೆಚ್ಚಿಸುವ ಹಾರ್ಮೋನ್. ಡಯಾಲಿಸಿಸ್‌ನಲ್ಲಿದ್ದ ನಮ್ಮ ಮಾವನಿಗೆ ಇದನ್ನೇ ಕೊಡಿಸುತ್ತಿದ್ದೆವು. ಫ್ರಿಜ್‌ನಲ್ಲಿ ಮೊಸರಿನ ಪಾತ್ರೆ ಪಕ್ಕ ಪುಟ್ಟ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಚುಚ್ಚಿಸಿಕೊಂಡು ಬಂದು ಅವರು ಮಲಗಿಬಿಡುತ್ತಿದ್ದರು. ಉದ್ದೀಪನ ಎಲ್ಲಿಂದ ಬಂತು?

ಇನ್ನೂ ಮುಂದೆ ಹೋಗಿ. 2003ರಲ್ಲಿ ಬೆಲ್ಜಿಯಂನ ಲಿಯೇಜ್–ಬಾಸ್ಟೋನ್–ಲಿಯೇಜ್ ರೇಸ್ ಗೆದ್ದ ಟೈಲರ್ ಹ್ಯಾಮಿಲ್ಟನ್ ಮರುವರ್ಷ ಸ್ಪೇನ್‌ನಲ್ಲಿ ಸಿಕ್ಕಿಬಿದ್ದದ್ದು ಮೈಯಲ್ಲಿ ಬೇರೆಯವರ ರಕ್ತ ಇದ್ದದ್ದಕ್ಕೆ. 2016ರಲ್ಲಿ ಬೆಲ್ಜಿಯಂನ ಜೋಲ್ಡರ್ ಊರಿನ ರೇಸಿನಲ್ಲಿ ಸೈಕಲ್ ಫ್ರೇಮ್‌ನೊಳಗೆ ಬಚ್ಚಿಟ್ಟ ಮೋಟರ್ ಸಿಕ್ಕಿತು. ಅದನ್ನೂ ಡೋಪಿಂಗ್ ಅಂತಲೇ ಕರೆದರು. ಇವೆರಡರಲ್ಲೂ ಮದ್ದೇ ಇಲ್ಲ.

> ‘ಹುರುಪುಮದ್ದು’ ಅನ್ನಬಹುದು. ಅಚ್ಚಗನ್ನಡ.

ಮೇಷ್ಟ್ರೇ, ಇದು ‘ಉದ್ದೀಪನ ಮದ್ದು’ವಿನ ಬಟ್ಟೆ ಬದಲಾಯಿಸಿದ್ದು ಅಷ್ಟೇ. ತಪ್ಪು ಹಾಗೇ ಇದೆ. ಪದ ಯಾವ ಮನೆಯದು ಅಂತ ಆಮೇಲೆ ನೋಡೋಣ, ಮೊದಲು ಅರ್ಥ ಕೂರಬೇಕಲ್ವಾ? ಡೋಪಿಂಗ್‌ನ ತಿರುಳು ಹುರುಪು ಅಲ್ಲ, ಮೋಸ.

ಮೂಲ ಕೆದಕುವುದೇ ಆದರೆ, ‘ಡೋಪ್’ ಕೂಡ ಇಂಗ್ಲಿಷಿನ ಸ್ವಂತ ಆಸ್ತಿ ಅಲ್ಲ. ಡಚ್ಚಿನ ‘ಡೋಪ್’ ಅಂದರೆ ಅದ್ದಿಕೊಂಡು ತಿನ್ನುವ ಗೊಜ್ಜು. ಅದ್ದು ಅನ್ನುವ ಕ್ರಿಯಾಪದದಿಂದ ಬಂದದ್ದು. ಅಮೆರಿಕಕ್ಕೆ ಹೋಗಿ ಮಾದಕ ವಸ್ತುವಿನ ಅರ್ಥ ಪಡೆಯಿತು. ಈಗ ಬೆಲ್ಜಿಯಂನಲ್ಲಿ ಡಚ್ ಆಡುವ ಸೀಮೆಯಾದ ಫ್ಲಾಂಡರ್ಸ್‌ನ ಪತ್ರಿಕೆಗಳೂ ‘ಡೋಪಿಂಗ್’ ಅಂತಲೇ ಬರೆಯುತ್ತವೆ. ತಮ್ಮದೇ ಗೊಜ್ಜು ಹೊಸ ರುಚಿಯಲ್ಲಿ ವಾಪಸ್ ಬಂದರೆ ಅವರು ಬೇಡ ಅನ್ನಲಿಲ್ಲ. ನಾವು ಪೆಡಲ್, ಬ್ರೇಕ್, ಪಂಚರ್ ಎಲ್ಲ ತಗೊಂಡು ಇದೊಂದಕ್ಕೆ ಬಾಗಿಲು ಹಾಕುವುದು ಯಾಕೆ?

ನನ್ನ ಮಾತು ಇಷ್ಟು. ಒಟ್ಟಾರೆ ಹೇಳುವಾಗ ‘ಡೋಪಿಂಗ್’ ಇರಲಿ. ಮದ್ದಿನ ಮಾತು ಬಂದಾಗ ‘ಕಳ್ಳಮದ್ದು’ ಬಳಸಿ. ಕಳ್ಳಭಟ್ಟಿ, ಕಳ್ಳಬೇಟೆ ಇದ್ದ ಹಾಗೆ, ಕೇಳಿದ ತಕ್ಷಣ ತಪ್ಪು ಯಾವುದು ಅಂತ ತಿಳಿಯುತ್ತದೆ. ಜೋಲ್ಡರ್‌ನದು ‘ಕಳ್ಳ ಮೋಟರ್’. ಹ್ಯಾಮಿಲ್ಟನ್ ವಿಷಯಕ್ಕೆ ಹೊಸ ಪದ ಕಟ್ಟಬೇಡಿ, ‘ಬೇರೆಯವರ ರಕ್ತ ಏರಿಸಿಕೊಂಡರು’ ಅಂತ ಬಿಡಿಸಿ ಬರೆಯಿರಿ.

> ‘ಸ್ಪ್ರಿಂಗ್ ಕ್ಲಾಸಿಕ್ಸ್’ಗೆ ‘ವಸಂತ ಶಾಸ್ತ್ರೀಯಗಳು’ ಸರಿಯೇ?

ಬೇಡವೇ ಬೇಡ. ಓದಿದವರು ಕಚೇರಿಗೆ ತಂಬೂರಿ ಹುಡುಕುತ್ತಾರೆ. ‘ವಸಂತದ ಕ್ಲಾಸಿಕ್‌ಗಳು’ ಸಾಕು. ಹೆಚ್ಚುಕಮ್ಮಿ ನಮ್ಮ ಯುಗಾದಿ ಆಚೀಚೆ ನಡೆಯುವ ರೇಸ್‌ಗಳು.

ಇನ್ನು ಅಂಥದೇ ಒಂದು ರೇಸ್ ಆದ ಫ್ರಾನ್ಸ್‌ನ ಪ್ಯಾರಿಸ್–ರೂಬೇಯ ಕಲ್ಲಿನ ದಾರಿ. ಯಾರೋ ‘ಜಲ್ಲಿ ರಸ್ತೆ’ ಅಂದಿದ್ದಾರೆ. ಜಲ್ಲಿ ಅಂದರೆ ಒಡೆದ ಚೂರು, ಪೂರಾ ತಪ್ಪು. ‘ಚಪ್ಪಡಿ’ ಅಂದರೆ ಸಪಾಟು, ಅದೂ ಅಲ್ಲ. ಅಲ್ಲಿರುವುದು ಒಂದೊಂದಾಗಿ ಕಡಿದು ಕೂರಿಸಿದ ಕಲ್ಲು, ಬೆನ್ನು ಉಬ್ಬಿರುತ್ತದೆ, ಸಂದಿಯಲ್ಲಿ ಮಣ್ಣು, ಹುಲ್ಲು. ಗೆದ್ದವರಿಗೆ ಕೊಡುವ ಟ್ರೋಫಿಯೂ ಅಂಥದೇ ಒಂದು ಕಲ್ಲು. ಫ್ಲಾಂಡರ್ಸ್‌ನ ದುಂಡನೆಯ ಕಲ್ಲುಗಳಿಗೆ ಡಚ್ಚಿನಲ್ಲಿ ‘ಮಗುವಿನ ತಲೆ’ ಅನ್ನುವ ಹೆಸರೇ ಇದೆ. ನಮ್ಮ ಗಾರೆ ಕೆಲಸದವರ ‘ಸೈಜುಗಲ್ಲು’ ಇದಕ್ಕೆ ಬಹಳ ಹತ್ತಿರ. ‘ಸೈಜುಗಲ್ಲಿನ ದಾರಿ’ ಅನ್ನಿ. ಅದರಲ್ಲೂ ‘ಸೈಜು’ ಇಂಗ್ಲಿಷ್ ಅಂತ ಮೇಷ್ಟ್ರು ಬರೆಯುವ ಮೊದಲೇ ಹೇಳುತ್ತೇನೆ: ಕಲ್ಲು ಕಡಿಯುವವರ ಬಾಯಲ್ಲಿ ಅದು ಯಾವಾಗಲೋ ಕನ್ನಡ ಆಗಿದೆ.

ನಿಮ್ಮ ಕರಡಿನಲ್ಲಿ ‘ರೌಬೈಕ್ಸ್’ ಅಂತ ನಾಲ್ಕು ಕಡೆ ಇದೆ. ತಿದ್ದಿಬಿಡಿ, ‘ರೂಬೇ’.