ಕ್ಯಾಮೆರಾಕ್ಕೆ ದುಡ್ಡು ಉಂಟು, ಕೌನ್ಸೆಲರ್ ಸಂಬಳಕ್ಕೆ?

ಎಲ್ಲರಿಗೂ ನಮಸ್ಕಾರ. ನಿನ್ನೆಯಿಂದ ಈ ಗುಂಪಿನ ಚರ್ಚೆ ಓದುತ್ತಾ ಇದ್ದೇನೆ. ಮಂಗಳೂರಿಗೆ ವಾಪಸ್ ಬಂದರೆ ಮಕ್ಕಳ ಶಾಲೆ ಸೇಫಾ, ಅಲ್ಲಿ ಕೌನ್ಸೆಲರ್ ಇರುತ್ತಾರಾ ಅಂತ ನ್ಯೂಜೆರ್ಸಿಯ ಅಕ್ಕ ಕೇಳಿದ್ದಾರೆ. ಅರ್ಧ ಜನ "ಊರಲ್ಲಿ ಗನ್ ಇಲ್ಲ, ಚಿಂತೆ ಬಿಡಿ" ಅಂದರು. ಉಳಿದವರು "ಊರಲ್ಲಿ ಕೌನ್ಸೆಲಿಂಗ್ ಅಂದರೆ ಹೆಡ್‌ಮಾಸ್ಟ್ರ ಬೆತ್ತ" ಅಂತ ನಗಾಡಿದರು. ಎರಡೂ ಪೂರ್ತಿ ಸುಳ್ಳಲ್ಲ. ಆದರೆ ಮಕ್ಕಳನ್ನು ಕಟ್ಟಿಕೊಂಡು ಬರುವವರಿಗೆ ಅಷ್ಟು ಸಾಲದು. ನಾವು ವಾಪಸ್ ಬಂದು ಮಂಗಳೂರಿನ ಕದ್ರಿಯಲ್ಲಿ ಮನೆ ಮಾಡಿದ್ದೇವೆ, ಇಬ್ಬರು ಮಕ್ಕಳೂ ಇಲ್ಲಿಯ ಶಾಲೆಗೇ ಹೋಗುತ್ತಿದ್ದಾರೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಅಕ್ಕಾ, ಕೌನ್ಸೆಲರ್ ಇದ್ದಾರಾ ಅಂತ ಕೇಳಿದರೆ ಯಾವ ಶಾಲೆಯೂ ಇಲ್ಲ ಅನ್ನುವುದಿಲ್ಲ. ಅವರ ಸಂಬಳ ಯಾವ ಲೆಕ್ಕದಿಂದ ಬರುತ್ತದೆ, ಎಷ್ಟು ವರ್ಷ ಬರುತ್ತದೆ ಅಂತ ಕೇಳಿ. ಅಮೆರಿಕಕ್ಕೂ ಇದೇ ಪ್ರಶ್ನೆ, ಇಲ್ಲಿಗೂ ಇದೇ.

ಅಲ್ಲಿಯದನ್ನು ನೀವೇ ನೋಡಿದ್ದೀರಿ. 2022ರ ಮೇ 24ರಂದು ಟೆಕ್ಸಸ್‌ನ ಯುವಾಲ್ಡಿಯ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಟೀಚರ್‌ಗಳು ಗುಂಡಿಗೆ ಬಲಿಯಾದರು. ಸುಮಾರು ಒಂದು ತಿಂಗಳಲ್ಲಿ ಹೊಸ ಕಾನೂನು ಬಂತು. ಶಾಲೆಗಳಿಗೆ ಕೌನ್ಸೆಲರ್, ಸೈಕಾಲಜಿಸ್ಟ್‌ಗಳನ್ನು ತಯಾರು ಮಾಡಲು ಮತ್ತು ನೇಮಿಸಲು ಅಂತಲೇ 100 ಕೋಟಿ ಡಾಲರ್ ತೆಗೆದಿಟ್ಟರು. 2025ರ ಏಪ್ರಿಲ್‌ನಲ್ಲಿ ಫೆಡರಲ್ (ಅಂದರೆ ಅಲ್ಲಿಯ ಕೇಂದ್ರ ಸರ್ಕಾರದ) ಶಿಕ್ಷಣ ಇಲಾಖೆಯೇ, ಇನ್ನು ಮುಂದೆ ಈ ಗ್ರ್ಯಾಂಟ್ ಮುಂದುವರಿಸುವುದಿಲ್ಲ ಅಂತ ಶಾಲಾ ಜಿಲ್ಲೆಗಳಿಗೆ ಪತ್ರ ಕಳಿಸಿತು. ಕೋವಿಡ್ ಹೊತ್ತಿನಲ್ಲಿ ಶಾಲೆಗಳಿಗೆ ಬಂದ ಸುಮಾರು 19,000 ಕೋಟಿ ಡಾಲರ್‌ನದ್ದೂ ಹೆಚ್ಚುಕಡಿಮೆ ಇದೇ ಕಥೆ. ಆ ದುಡ್ಡಲ್ಲಿ ಎಷ್ಟೋ ಕಡೆ ಕೌನ್ಸೆಲರ್‌ಗಳನ್ನು ತೆಗೆದುಕೊಂಡರು. 2024ರ ಸೆಪ್ಟೆಂಬರ್‌ಗೆ ಗಡುವು ಮುಗಿಯಿತು. ಅಮೆರಿಕದ ಶಾಲೆಯ ಖರ್ಚಿನಲ್ಲಿ ಫೆಡರಲ್ ಪಾಲು ಸುಮಾರು ಹತ್ತನೇ ಒಂದು ಭಾಗ ಅಷ್ಟೇ. ಉಳಿದದ್ದು ರಾಜ್ಯದ್ದು ಮತ್ತು ನೀವು ಮನೆಗೆ ಕಟ್ಟುವ ಪ್ರಾಪರ್ಟಿ ಟ್ಯಾಕ್ಸು. ಗ್ರ್ಯಾಂಟ್ ನಿಂತ ಮೇಲೆ ಆ ಹುದ್ದೆಯನ್ನು ಉಳಿಸಿಕೊಳ್ಳುವುದು ಊರಿನವರ ಹಣೆಬರಹ.

ಬಾಗಿಲಿನ ಬೀಗಕ್ಕೆ ಈ ಸಮಸ್ಯೆ ಇಲ್ಲ ನೋಡಿ. 2018ರ ಸ್ಟಾಪ್ ಸ್ಕೂಲ್ ವಯಲೆನ್ಸ್ ಕಾಯ್ದೆಯ ಅಡಿಯಲ್ಲಿ ಬೀಗ, ಮೆಟಲ್ ಡಿಟೆಕ್ಟರ್, ಪೊಲೀಸರಿಗೆ ತಕ್ಷಣ ಸುದ್ದಿ ಮುಟ್ಟಿಸುವ ಉಪಕರಣ ಇಂಥದ್ದಕ್ಕೆ ಶೇಕಡಾ 75ರವರೆಗೂ ಫೆಡರಲ್ ಹಣ ಸಿಗುತ್ತದೆ. ಒಮ್ಮೆ ಹಾಕಿದರೆ ಮುಗಿಯಿತು. ಮುಂದಿನ ಸರ್ಕಾರ ಬಂದು ಬೀಗ ಕಿತ್ತುಕೊಂಡು ಹೋಗುವುದಿಲ್ಲ.

ಈಗ ನಮ್ಮ ಊರಿಗೆ ಬರೋಣ. ಇಲ್ಲಿ ಶಾಲೆಯ ಸುರಕ್ಷತೆ ಅಂದರೆ ಮೊದಲು ಮಳೆ ಮಾರಾಯ್ರೆ. ಯುವಾಲ್ಡಿ ಆದ ಅದೇ 2022ರ ಆಗಸ್ಟ್‌ನಲ್ಲಿ ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಎರಡನೇ ಕ್ಲಾಸಿನ ಮಗುವೊಂದು ಕಾಲುಸಂಕದಿಂದ ಜಾರಿ ಹಳ್ಳದಲ್ಲಿ ಕೊಚ್ಚಿಹೋಯಿತು. ಅದಕ್ಕೂ ಮೊದಲೇ ಲೋಕೋಪಯೋಗಿ ಇಲಾಖೆಯಲ್ಲಿ "ಶಾಲಾ ಸಂಪರ್ಕ ಸೇತು" ಅಂತ ಯೋಜನೆ ಇತ್ತು. ಮಲೆನಾಡು, ಕರಾವಳಿಯ ಮಕ್ಕಳು ಅಡಿಕೆ ಮರದ ದಿಮ್ಮಿ ಮೇಲೆ ಹಳ್ಳ ದಾಟುವುದು ತಪ್ಪಲಿ ಅಂತಲೇ ಮಾಡಿದ್ದು. ಯೋಜನೆ ಇರುವುದು ಬೇರೆ, ನಮ್ಮ ವಾರ್ಡಿನ ಹಳ್ಳಕ್ಕೆ ಸಂಕ ಬರುವುದು ಬೇರೆ. ನಮ್ಮ ರಾಜ್ಯದಲ್ಲಿ ಪಂಚಾಯತ್‌ಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸುತ್ತವೆ. ಶಾಲೆಗೆ ಹೋಗುವ ದಾರಿ, ಸಂಕ, ಶೌಚಾಲಯ, ಬೀದಿದೀಪ ಅಂತ ಮಕ್ಕಳೇ ಎದ್ದು ನಿಂತು ಕೇಳುತ್ತಾರೆ. ನಮ್ಮ ದೊಡ್ಡವರ ಗ್ರಾಮಸಭೆಗಿಂತ ಅದೇ ಚಂದ.

ಪೇಟೆಯೊಳಗೆ ಸಂಕದ ಭಯ ಇಲ್ಲ. ಇಲ್ಲಿ ಓಮ್ನಿ, ರಿಕ್ಷಾ, ಕಟ್ಟೆಯೊಡೆದ ಹಾಗೆ ಹರಿಯುವ ಚರಂಡಿ ನೀರು. ಜೋರು ಮಳೆ ಬಂದರೆ ಡಿಸಿಯವರು ರಜೆ ಕೊಡುತ್ತಾರೆ, ಆ ವಿಷಯದಲ್ಲಿ ನಮ್ಮ ಜಿಲ್ಲೆ ಹುಷಾರು. ಒಂದು ಸಲಹೆ: ಶಾಲೆ ನೋಡಲು ಡಿಸೆಂಬರ್‌ನಲ್ಲಿ ಬರಬೇಡಿ. ಸ್ಕೂಲ್ ಡೇ ಸಮಯ, ಎಲ್ಲ ಶಾಲೆಗೂ ಮದುಮಗಳ ಅಲಂಕಾರ. ಜುಲೈನಲ್ಲಿ ಬನ್ನಿ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹೊರಗೆ ಕೊಡೆ ಹಿಡಿದು ನಿಂತು ನೋಡಿ, ಒಂದೊಂದು ಓಮ್ನಿಗೆ ಎಷ್ಟು ಮಕ್ಕಳನ್ನು ತುಂಬುತ್ತಾರೆ ಅಂತ. ಪ್ರಿನ್ಸಿಪಾಲರ ಜೊತೆ ಒಂದು ಗಂಟೆ ಮಾತಾಡಿದರೂ ಅಷ್ಟು ಗೊತ್ತಾಗುವುದಿಲ್ಲ.

ಇನ್ನು ಕೌನ್ಸೆಲಿಂಗ್. ನನಗೆ ಜಾಸ್ತಿ ಹೇಳಬೇಕಾದದ್ದು ಇಲ್ಲೇ.

ನಮ್ಮ ಎರಡು ಜಿಲ್ಲೆಗಳು ಮಾರ್ಕಿನ ಜಿಲ್ಲೆಗಳು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ಅದಲು ಬದಲು. ಅದೇ ವರ್ಷ ಸೆಕೆಂಡ್ ಪಿಯುಸಿಯಲ್ಲಿ ಉಡುಪಿ ಶೇಕಡಾ 93.90, ದಕ್ಷಿಣ ಕನ್ನಡ 93.57. ಪೇಪರಿನಲ್ಲಿ ನೋಡಿದರೆ ನಮಗೆಲ್ಲ ಖುಷಿ. ಆದರೆ ಶೇಕಡಾ 94 ಪಾಸಾಗುವ ಊರಲ್ಲಿ ಫೇಲಾದ ಮಗುವಿಗೆ ಮುಖ ತೋರಿಸಲು ಜಾಗ ಎಲ್ಲಿದೆ ಹೇಳಿ? ಅರುವತ್ತು ಪರ್ಸೆಂಟ್ ಬಂದವನೂ ಮದುವೆ ಮನೆಗೆ ಬರಲು ಹೆದರುತ್ತಾನೆ. ಇದರ ಮೇಲೆ ನೀಟ್, ಜೆಇಇ ಕೋಚಿಂಗ್ ಜೊತೆ ಸೇರಿಸಿದ ಪಿಯು ಹಾಸ್ಟೆಲ್‌ಗಳು. ಗಲ್ಫಿನಲ್ಲಿ, ಅಮೆರಿಕದಲ್ಲಿ ಇದ್ದುಕೊಂಡು ಮಗನನ್ನು ಮಾತ್ರ ಇಲ್ಲಿಯ ಹಾಸ್ಟೆಲಿಗೆ ಹಾಕುವವರು ಈ ಗುಂಪಿನಲ್ಲೂ ಇದ್ದಾರೆ. ತಪ್ಪು ಅಂತ ಹೇಳುತ್ತಿಲ್ಲ. ರಾತ್ರಿ ಹತ್ತು ಗಂಟೆಗೆ ಅವನಿಗೆ ಸಂಕಟ ಆದರೆ ಯಾರ ಹತ್ತಿರ ಹೋಗುತ್ತಾನೆ ಅಂತ ಮಾತ್ರ ಕೇಳಿಟ್ಟುಕೊಳ್ಳಿ. ವಾರ್ಡನ್ ಅಂದರೆ ಸಾಮಾನ್ಯವಾಗಿ ಮೊಬೈಲ್ ಕಿತ್ತುಕೊಳ್ಳುವವರು. ಅವರ ಹತ್ತಿರ ಯಾವ ಹುಡುಗ ಮನಸ್ಸು ಬಿಚ್ಚುತ್ತಾನೆ?

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ದೊಡ್ಡ ಆದೇಶ ಕೊಟ್ಟಿತು. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ಹುಡುಗಿಯ ಸಾವಿನ ಕೇಸು ಅದು. 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಸಂಸ್ಥೆ ತರಬೇತಿ ಪಡೆದ ಒಬ್ಬ ಕೌನ್ಸೆಲರ್, ಸೈಕಾಲಜಿಸ್ಟ್ ಅಥವಾ ಸೋಷಿಯಲ್ ವರ್ಕರ್‌ರನ್ನು ಇಟ್ಟುಕೊಳ್ಳಲೇಬೇಕು. ಅದಕ್ಕಿಂತ ಚಿಕ್ಕವು ಹೊರಗಿನ ತಜ್ಞರ ಜೊತೆ ವ್ಯವಸ್ಥೆ ಮಾಡಿಕೊಳ್ಳಬೇಕು. ಹಾಸ್ಟೆಲ್ ಕೋಣೆಗಳಲ್ಲಿ ಅಳವಡಿಸಬೇಕಾದ ಸುರಕ್ಷತಾ ಸಾಧನಗಳ ಬಗ್ಗೆಯೂ ಅದರಲ್ಲಿ ಉಂಟು. ಎರಡರಲ್ಲಿ ಯಾವುದು ಮೊದಲು ಆಗುತ್ತದೆ ಅಂತ ನಾನು ಬೆಟ್ ಕಟ್ಟಬಲ್ಲೆ. ಸಾಧನಕ್ಕೆ ಒಂದು ಬಿಲ್. ಮನುಷ್ಯರಿಗೆ ತಿಂಗಳು ತಿಂಗಳು ಬಿಲ್. ಕೋರ್ಟು ಆದೇಶ ಕೊಡುತ್ತದೆ, ಸಂಬಳ ಕೊಡುವುದಿಲ್ಲ.

ಸರ್ಕಾರಿ ಶಾಲೆಗೆ ಆ ಸಂಬಳ ಎಲ್ಲಿಂದ ಬರಬೇಕು? ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯಲ್ಲಿ ಕೇಂದ್ರ ಶೇಕಡಾ 60, ರಾಜ್ಯ 40 ಪಾಲು ಹಾಕುತ್ತವೆ. ಅದರಲ್ಲಿ ಶಾಲೆಯ ಕೈಗೆ ಬರುವ ಅನುದಾನ ಮಕ್ಕಳ ಸಂಖ್ಯೆ ನೋಡಿ. 101ರಿಂದ 250 ಮಕ್ಕಳಿದ್ದರೆ ವರ್ಷಕ್ಕೆ 50,000 ರೂಪಾಯಿ, ಸಾವಿರ ದಾಟಿದರೂ 1 ಲಕ್ಷ. ಕರೆಂಟು, ಚಾಕ್‌ಪೀಸು, ರಿಪೇರಿ, ಸ್ವಚ್ಛತೆ ಎಲ್ಲ ಅದರಲ್ಲೇ. ಕೌನ್ಸೆಲರ್ ಮಾತು ಎತ್ತಿದರೆ ಹೆಡ್‌ಮಾಸ್ಟ್ರು ನಗುತ್ತಾರೆ. 2020ರಲ್ಲಿ ಆಯುಷ್ಮಾನ್ ಭಾರತದ ಶಾಲಾ ಆರೋಗ್ಯ ಕಾರ್ಯಕ್ರಮ ಬಂತು. ಪ್ರತಿ ಶಾಲೆಯಿಂದ ಇಬ್ಬರು ಟೀಚರ್‌ಗಳಿಗೆ ತರಬೇತಿ ಕೊಟ್ಟು ಆರೋಗ್ಯದ ರಾಯಭಾರಿ ಮಾಡುವುದು, ಮನಸ್ಸಿನ ಆರೋಗ್ಯವೂ ಅವರ ಪಾಠದಲ್ಲಿ ಸೇರಿದೆ. ಯೋಚನೆ ಒಳ್ಳೆಯದೇ. ಆದರೆ ಅದೇ ಟೀಚರ್‌ಗೆ ಬಿಸಿಯೂಟದ ಲೆಕ್ಕ, ಮತದಾರರ ಪಟ್ಟಿ, ಮನೆಮನೆ ಸಮೀಕ್ಷೆ. ಅದೇ ಟೀಚರ್ ಪರೀಕ್ಷೆಗೆ ಮಾರ್ಕ್ ಹಾಕುವವರು. ಮಗು ಅವರ ಹತ್ತಿರ ಎಂತ ಹೇಳುತ್ತದೆ?

ಶಾಲೆಯ ಗೇಟಿನ ಹೊರಗೆ ಮಾತ್ರ ಸರ್ಕಾರದ ವ್ಯವಸ್ಥೆ ನೀವು ಅಂದುಕೊಂಡದ್ದಕ್ಕಿಂತ ವಾಸಿ. ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗೂ ಪುಕ್ಕಟೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಉಂಟು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಮಕ್ಕಳ ಮೇಲೆ ಹಿಂಸೆ, ದೌರ್ಜನ್ಯ ಅಂದರೆ ಮಕ್ಕಳ ಸಹಾಯವಾಣಿ 1098. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾಯ್ದೆ ಪ್ರಕಾರ ಅಂಥ ವಿಷಯ ಗೊತ್ತಿದ್ದೂ ತಿಳಿಸದಿರುವುದು ಅಪರಾಧ. ಶಾಲೆಯ ಮಾನ ಉಳಿಸಲು ಮುಚ್ಚಿಟ್ಟೆ ಅನ್ನುವ ಮುಖ್ಯಸ್ಥರಿಗೂ ಜೈಲು ಉಂಟು.

ಖಾಸಗಿ ಶಾಲೆಗಳಲ್ಲಿ ದುಡ್ಡು ನಮ್ಮ ಫೀಸಿನದ್ದೇ. ನಮ್ಮ ಮಗ ಸೇರಿದ ಶಾಲೆಯ ಪುಸ್ತಕದಲ್ಲಿ ಕೌನ್ಸೆಲರ್ ಅಂತ ಅಚ್ಚಾಗಿತ್ತು. ವಿಚಾರಿಸಿದರೆ ವಾರಕ್ಕೊಮ್ಮೆ ಬರುವ ಒಬ್ಬ ಹುಡುಗಿ. ಕೂರಲು ಕೋಣೆ ಇಲ್ಲ, ಸ್ಪೋರ್ಟ್ಸ್ ಸಾಮಾನು ಇಡುವ ರೂಮು. ಅವನಿಗೆ ಆಗ ಆಟದ ಹೊತ್ತಿನ ತುಳು ಅರ್ಥ ಆಗುತ್ತಿರಲಿಲ್ಲ, ಅವನ ಇಂಗ್ಲಿಷ್ ಕೇಳಿ ಉಳಿದವರು ಅಣಕಿಸುತ್ತಿದ್ದರು. ಆದರೂ ಆ ಹುಡುಗಿ ಒಳ್ಳೆಯ ಕೆಲಸ ಮಾಡಿದಳು. ಅವನ ಮನೆ ಹತ್ತಿರದ ಇಬ್ಬರು ಹುಡುಗರನ್ನು ಗುರುತಿಸಿ ಜೊತೆ ಮಾಡಿಸಿದಳು, ಅಷ್ಟೇ. ಮುಂದಿನ ವರ್ಷ ಅವಳು ಇರಲಿಲ್ಲ. ಆಕೆಯ ಜಾಗದಲ್ಲಿ ಕಾರಿಡಾರಿಗೆಲ್ಲ ಹೊಸ ಸಿಸಿಟಿವಿ ಬಂದಿತ್ತು, ಪೇರೆಂಟ್ಸ್ ಮೀಟಿಂಗಿನಲ್ಲಿ ಅದಕ್ಕೆ ಚಪ್ಪಾಳೆಯೂ ಬಿತ್ತು.

ಹಾಗಾಗಿ ಅಡ್ಮಿಷನ್ ಸಮಯದಲ್ಲಿ ಕೇಳಿ. ಪೂರ್ತಿ ಸಂಬಳದವರಾ, ಬಂದ ದಿನಕ್ಕೆ ಲೆಕ್ಕವಾ? ಹೋದ ವರ್ಷವೂ ಇವರೇ ಇದ್ದರಾ? ಬಾಗಿಲು ಹಾಕಿಕೊಂಡು ಮಾತಾಡುವ ಕೋಣೆ ಉಂಟಾ? ಮಗು ಹೇಳಿದ್ದು ಸ್ಟಾಫ್ ರೂಮಿಗೆ ಹೋಗುತ್ತದಾ? ಕೊನೆಯದ್ದಕ್ಕೆ ಪ್ರಿನ್ಸಿಪಾಲರು ತಡವರಿಸಿದರೆ ಬೇರೆ ಶಾಲೆ ನೋಡಿ.

ಈಗ ನಮ್ಮ ಕಡೆಗೇ ಬೆರಳು ತೋರಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕರಾವಳಿಯ ಹಳೆಯ ಶಾಲೆಗಳಿಗೆ ಶತಮಾನೋತ್ಸವದ ಕಾಲ. ಹಳೆ ವಿದ್ಯಾರ್ಥಿ ಸಂಘದವರು ಮುಂಬೈ, ದುಬೈ, ಅಮೆರಿಕಕ್ಕೆಲ್ಲ ರಶೀದಿ ಪುಸ್ತಕ ಕಳಿಸುತ್ತಾರೆ. ನಾವೂ ಕೈ ಬಿಚ್ಚಿ ಕೊಡುತ್ತೇವೆ. ಎಂತಕ್ಕೆ? ದ್ವಾರಕ್ಕೆ, ರಂಗಮಂದಿರಕ್ಕೆ, ಕಂಪೌಂಡಿಗೆ, ಕ್ಯಾಮೆರಾಕ್ಕೆ. ಎಲ್ಲದರ ಮೇಲೂ ಅಪ್ಪ ಅಮ್ಮನ ಹೆಸರಿನ ಕಲ್ಲು ಕೂರಿಸಬಹುದು. ಕೌನ್ಸೆಲರ್ ಮೇಲೆ ಕಲ್ಲು ಕೂರಿಸಲು ಆಗುವುದಿಲ್ಲ ಅಲ್ವಾ!

ನನ್ನ ಪ್ರಸ್ತಾಪ ಇಷ್ಟು. ಹತ್ತಿರ ಹತ್ತಿರದ ನಾಲ್ಕೈದು ಕನ್ನಡ ಶಾಲೆಗಳಿಗೆ ಸೇರಿ ಒಬ್ಬರನ್ನು ನೇಮಿಸೋಣ. ದಿನಕ್ಕೊಂದು ಶಾಲೆ. ತುಳು, ಕನ್ನಡ ಬರಲೇಬೇಕು, ಬ್ಯಾರಿಯೋ ಕೊಂಕಣಿಯೋ ಬಂದರೆ ಇನ್ನೂ ಒಳ್ಳೆಯದು. ಜನರಿಗೆ ಬರ ಇಲ್ಲ. ರೋಶನಿ ನಿಲಯದಂಥ ಸೋಷಿಯಲ್ ವರ್ಕ್ ಕಾಲೇಜು ನಮ್ಮ ಮಂಗಳೂರಲ್ಲೇ ಉಂಟು, ಕಲಿತವರು ಕೆಲಸ ಹುಡುಕಿ ಬೆಂಗಳೂರಿಗೆ ಹೋಗುತ್ತಿದ್ದಾರೆ. ಮೂರು ವರ್ಷದ ಸಂಬಳ ಮೊದಲೇ ಕೈಯಲ್ಲಿ ಇಟ್ಟುಕೊಂಡು ಶುರು ಮಾಡಬೇಕು. ಒಂದೇ ವರ್ಷಕ್ಕೆ ಅಂತಾದರೆ ನಾನು ಸೇರುವುದಿಲ್ಲ. ಮಕ್ಕಳು ನಂಬಿ ಮಾತಾಡಲು ಶುರು ಮಾಡುವ ಹೊತ್ತಿಗೆ ಅವರು ಹೊರಟುಹೋದರೆ ಇಲ್ಲದಿದ್ದದ್ದೇ ವಾಸಿ ಅನಿಸುತ್ತದೆ.

ದುಡ್ಡು ಕಳಿಸುವ ಮೊದಲು ಒಂದು ವಿಷಯ ನೋಡಿಕೊಳ್ಳಿ. ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಸಿಟಿಜನ್ ಆದವರು ಕೊಟ್ಟದ್ದು, ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇದ್ದರೂ, ವಿದೇಶಿ ದೇಣಿಗೆಯೇ. ಅದನ್ನು ತೆಗೆದುಕೊಳ್ಳುವ ಟ್ರಸ್ಟಿಗೆ ವಿದೇಶಿ ದೇಣಿಗೆಯ ಕಾಯ್ದೆ ಎಫ್‌ಸಿಆರ್‌ಎ ಅಡಿಯಲ್ಲಿ ನೋಂದಣಿ ಅಥವಾ ಮೊದಲೇ ಪಡೆದ ಅನುಮತಿ ಬೇಕು. ಹಣವೂ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಊರಿನ ಸಂಘದ ಖಾತೆಗೆ ಸುಮ್ನೆ ಹಾಕಿಬಿಟ್ಟರೆ ತೊಂದರೆ ಅವರಿಗೆ. ಹಾಗಾಗಿ ಯಾರ್ಯಾರು ಯಾವ ಪಾಸ್‌ಪೋರ್ಟ್‌ನವರು, ಯಾವ ಶಾಲೆಯ ಹಳೆ ವಿದ್ಯಾರ್ಥಿ ಅಂತ ಇಲ್ಲೇ ಕೆಳಗೆ ಬರೆಯಿರಿ. ಮಂಗಳೂರು, ಮೂಲ್ಕಿ ಕಡೆಯ ಶಾಲೆಗಳಿಗೆ ನಾನೇ ಹೋಗಿ ಮಾತಾಡುತ್ತೇನೆ. ಕುಂದಾಪುರ, ಬೈಂದೂರು ಕಡೆಗೆ ಒಬ್ಬರು ಬೇಕು.