ಸಹಾಯ ಬೇಕು: ಸ್ಯಾಂಪಲ್ ಮಾಡಿದ ನೆಟ್‌ಫ್ಲೋದಿಂದ ಫ್ಲೋಗಳ ಲೆಕ್ಕ ಹೇಗೆ?

ಎಲ್ಲರಿಗೂ ನಮಸ್ಕಾರ. 10 ಗಿಗಾಬಿಟ್ ಲಿಂಕ್ ಒಂದರ ಟ್ರಾಫಿಕ್ ಅಳೆಯುತ್ತಿದ್ದೇನೆ. ಮೊದಲು ಪ್ರತಿ ಪ್ಯಾಕೆಟ್ಟನ್ನೂ ಹಿಡಿದಿಡುವ ಟಿಸಿಪಿಡಂಪ್ ಹಾಕಿದೆ, ಪ್ಯಾಕೆಟ್‌ಗಳು ಸಿಕ್ಕಾಪಟ್ಟೆ ಡ್ರಾಪ್ ಆದವು. 64 ಬೈಟ್‌ನ ಫ್ರೇಮ್‌ಗಳೇ ಬಂದರೆ ಸೆಕೆಂಡಿಗೆ ಸುಮಾರು 1.49 ಕೋಟಿ, ಪಾಪ ಡಿಸ್ಕ್ ಏನು ಮಾಡೀತು! ಈಗ ರೂಟರ್‌ನಲ್ಲೇ 1000 ಪ್ಯಾಕೆಟ್‌ಗೆ 1ರಂತೆ ಸ್ಯಾಂಪಲ್ ಮಾಡಿ ನೆಟ್‌ಫ್ಲೋ ತೆಗೆಯುತ್ತಿದ್ದೇನೆ, ಅಂದರೆ ಪ್ರತಿ ಫ್ಲೋದ (ಒಂದೇ ಸಂವಾದಕ್ಕೆ ಸೇರಿದ ಪ್ಯಾಕೆಟ್‌ಗಳ ಸಾಲಿನ) ಸಾರಾಂಶ ದಾಖಲೆ.

ಬೈಟ್‌ಗಳನ್ನು 1000ರಿಂದ ಗುಣಿಸಿದರೆ ರೂಟರ್‌ನ ಒಟ್ಟು ಬೈಟ್ ಎಣಿಸುವ ಎಸ್‌ಎನ್‌ಎಂಪಿ ಕೌಂಟರ್‌ಗೆ ಹೆಚ್ಚುಕಮ್ಮಿ ತಾಳೆಯಾಗುತ್ತೆ. ತಲೆನೋವು ಫ್ಲೋಗಳ ಸಂಖ್ಯೆಯದು. ಡಿಎನ್‌ಎಸ್‌ನಂಥ ಒಂದೆರಡು ಪ್ಯಾಕೆಟ್‌ನ ಫ್ಲೋಗಳು ಬಹುಪಾಲು ಕಣ್ಣಿಗೇ ಬೀಳಲ್ಲ. ದೊಡ್ಡವು, ನಡೆಯುತ್ತಿರುವ ಫ್ಲೋದ ದಾಖಲೆಯನ್ನೂ ನಿಗದಿತ ಹೊತ್ತಿಗೆ ಮುಗಿಸುವ ಆಕ್ಟಿವ್ ಟೈಮ್‌ಔಟ್‌ಗೆ ತುಂಡಾಗಿ ಮತ್ತೆ ಮತ್ತೆ ಎಣಿಕೆಯಾಗುತ್ತವೆ.

ಟಿಸಿಪಿಗೆ, ಸಂಪರ್ಕ ಶುರುವಾಗುವಾಗ ಬರುವ ಸಿನ್ ಫ್ಲ್ಯಾಗ್ ಇರೋ ಸ್ಯಾಂಪಲ್‌ಗಳನ್ನಷ್ಟೇ ಎಣಿಸಿ ಗುಣಿಸಿದೆ. ಪರವಾಗಿಲ್ಲ ಅನ್ನಿಸಿತು, ಆದರೆ ಯಾರೋ ಪೋರ್ಟ್ ಸ್ಕ್ಯಾನ್ ಮಾಡಿದ (ತೆರೆದ ಪೋರ್ಟ್ ಹುಡುಕಲು ಸಾಲುಸಾಲು ಸಿನ್ ಕಳಿಸಿದ) ದಿನ ಅಂಕಿ ಗಗನಕ್ಕೇರುತ್ತೆ. ಯುಡಿಪಿಯಲ್ಲಿ ಸಿನ್ ಇಲ್ಲ, ಅದಕ್ಕಂತೂ ಆ ದಾರಿಯೂ ಇಲ್ಲ. ಸ್ಯಾಂಪ್ಲಿಂಗ್ ದರ ಬದಲಿಸದೆ ಯುಡಿಪಿ ಫ್ಲೋಗಳನ್ನು ಅಂದಾಜಿಸಿದವರು ಯಾರಾದರೂ ಇದ್ದೀರಾ? ಹೇಗೆ ಮಾಡಿದಿರಿ, ದಯವಿಟ್ಟು ತಿಳಿಸಿ.