ಪುಕ್ಕಟೆ ಚಾರ್ಟ್ ಇಳಿಸಿಕೊಂಡು ಪ್ರಿಂಟ್ ಹಾಕಿಸುವುದು: ಯಾವ ಪೇಪರ್ ತಗೊಳ್ಳಲಿ?

ಜಗಳೂರು ತಾಲ್ಲೂಕಿನ ಶಿಕ್ಷಕಿ: ನಮ್ಮದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಮೂರನೇ ತರಗತಿವರೆಗೆ ನಲಿಕಲಿ, ಅಂದರೆ ಮೂರೂ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಾರ್ಡುಗಳಿಂದ ಆಡುತ್ತಾ ಕಲಿಯುವುದು. ಒಂದೇ ಕೋಣೆ. ನೆಟ್‌ನಲ್ಲಿ ಪುಕ್ಕಟೆ ಸಿಗುವ ಚಾರ್ಟ್ ಇಳಿಸಿಕೊಂಡು ದಾವಣಗೆರೆಯಲ್ಲಿ ಪ್ರಿಂಟ್ ಹಾಕಿಸೋಣ ಅಂತಿದ್ದೇನೆ. ಎಂಥ ಪೇಪರ್ ಒಳ್ಳೆಯದು? ಲ್ಯಾಮಿನೇಷನ್ ಬೇಕಾ? ಮಾಡಿ ನೋಡಿದವರು ಹೇಳಿ.

ಹೊಳಲ್ಕೆರೆಯ ಮೇಷ್ಟ್ರು: ಮೇಡಂ, ಪುಕ್ಕಟೆ ಸಿಕ್ಕಿತು ಅಂತ ಎಲ್ಲವನ್ನೂ ಇಳಿಸಬೇಡಿ. ನಾನು ಮೊದಲ ಸಲ ಹೊರದೇಶದ ಚಾರ್ಟ್‌ಗಳನ್ನು ಬಣ್ಣದಲ್ಲಿ ಹಾಕಿಸಿ ತಂದೆ. ದುಡ್ಡಿನ ಚಾರ್ಟಿನಲ್ಲಿ ಬರೀ ಡಾಲರ್. ಋತುಗಳ ಚಾರ್ಟಿನಲ್ಲಿ ಹಿಮದ ಗೊಂಬೆ. ಒಬ್ಬ ಹುಡುಗ ಕೇಳಿದ, ‘ಸಾರ್, ಇವನ್ಯಾಕೆ ಮೂಗಿಗೆ ಗಜ್ಜರಿ ಸಿಕ್ಕಿಸ್ಕೊಂಡಿದಾನೆ?’ ಆ ದಿನದ ಪಾಠ ಅಲ್ಲಿಗೇ ಮುಗಿಯಿತು!

ಕನ್ನಡದ ಚಾರ್ಟ್ ಆದರೆ ಒತ್ತಕ್ಷರ ನೋಡದೆ ಪ್ರಿಂಟ್ ಕೊಡಲೇಬೇಡಿ. ಕೆಲವು ಸಾಫ್ಟ್‌ವೇರ್‌ನಲ್ಲಿ ಮಾಡಿದ ಚಾರ್ಟ್‌ಗಳಲ್ಲಿ ‘ಅಮ್ಮ’ ಒಡೆದು ‘ಅಮ್‌ಮ’ ಆಗಿರುತ್ತದೆ. ನಮಗೆ ಓದಿ ಓದಿ ಅಭ್ಯಾಸ, ಕಣ್ಣು ಹಾಗೇ ದಾಟಿಬಿಡುತ್ತದೆ. ಮಗು ಮಾತ್ರ ಅದನ್ನೇ ನೋಡಿ ಬರೆಯುತ್ತದೆ. ನೀವೇ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದರೆ ಪಿಡಿಎಫ್ ಮಾಡಿಕೊಂಡು ಹೋಗಿ. ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಕಾಗುಣಿತದ ಜಾಗದಲ್ಲಿ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರ ಬರುತ್ತವೆ.

ಚಿತ್ರಗಳಿಗೆ ನಮ್ಮ ಪಠ್ಯಪುಸ್ತಕವೇ ಸಾಕು. ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಲ್ಲಿ ಪಿಡಿಎಫ್ ಪುಕ್ಕಟೆ ಇದೆ. ಬೇಕಾದ ಪುಟವನ್ನಷ್ಟೇ ದೊಡ್ಡದು ಮಾಡಿಸಿ. ಕಥೆಗಳು ಬೇಕಿದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣ ನೋಡಿ. ಕನ್ನಡದಲ್ಲೂ ಇವೆ. ಬರೆದವರು, ಚಿತ್ರ ಬಿಡಿಸಿದವರ ಹೆಸರು ಉಳಿಸಿಕೊಂಡು ಪ್ರಿಂಟ್ ಹಾಕಿಸಬಹುದು.

ದಾವಣಗೆರೆ, ಜೆರಾಕ್ಸ್ ಅಂಗಡಿಯವನು: ಪೇಪರ್ ವಿಷಯ ನಾನು ಹೇಳುತ್ತೇನೆ ಮೇಡಂ. ಮಾಮೂಲಿ ಜೆರಾಕ್ಸ್ ಹಾಳೆ 70ರಿಂದ 80 ಜಿಎಸ್‌ಎಂ. ಅಂದರೆ ಒಂದು ಚದರ ಮೀಟರ್ ಹಾಳೆ ಅಷ್ಟು ಗ್ರಾಂ ತೂಗುತ್ತದೆ. ವರ್ಕ್‌ಶೀಟ್‌ಗೆ ಅದೇ ಸಾಕು. ಮಕ್ಕಳು ಕೈಯಲ್ಲಿ ಹಿಡಿದು ಆಡುವ ಮಿಂಚುಪಟ್ಟಿಗೆ (ಫ್ಲ್ಯಾಶ್ ಕಾರ್ಡ್) 200 ಜಿಎಸ್‌ಎಂ ಮೇಲಿನ ದಪ್ಪ ಹಾಳೆ ಕೇಳಿ. ಫೋಟೋ ಪೇಪರ್ ತಂದುಕೊಟ್ಟು ಲೇಸರ್ ಮಷೀನಿಗೆ ಹಾಕು ಅನ್ನಬೇಡಿ, ದಯವಿಟ್ಟು. ಇಂಕ್‌ಜೆಟ್‌ಗೆ ಮಾಡಿದ ಹೊಳಪಿನ ಹಾಳೆ ಒಳಗಿನ ಬಿಸಿಗೆ ಕರಗಿ ರೋಲರಿಗೆ ಅಂಟಿಕೊಳ್ಳಬಹುದು. ನನ್ನದೊಂದು ಮಷೀನು ಹಾಗೇ ಕೆಟ್ಟಿತು.

ದೊಡ್ಡ ಚಾರ್ಟ್ ಬೇಕು, ಖರ್ಚು ಬೇಡ ಅನ್ನುವವರಿಗೆ ಅಡೋಬ್ ರೀಡರಿನಲ್ಲಿ ಪಿಡಿಎಫ್ ಪ್ರಿಂಟ್ ಮಾಡುವಾಗ ‘ಪೋಸ್ಟರ್’ ಅನ್ನುವ ಆಯ್ಕೆ ಇರುತ್ತದೆ. ಒಂದು ಚಿತ್ರವನ್ನು ನಾಲ್ಕು ಎ4 ಹಾಳೆಗೆ ಹಂಚಿ ಕೊಡುತ್ತದೆ. ಅಂಚು ಕತ್ತರಿಸಿ ಹಿಂದಿನಿಂದ ಅಂಟಿಸಿ.

ಹೊಳಲ್ಕೆರೆಯ ಮೇಷ್ಟ್ರು: ಒಂದು ಮರೆತಿದ್ದೆ. ಗ್ರಾಫ್ ಹಾಳೆ, ಸ್ಕೇಲಿನ ಚಿತ್ರ ಹಾಕಿಸುವಾಗ ‘ಫಿಟ್’ ಬೇಡ, ‘ಆಕ್ಚುಯಲ್ ಸೈಜ್’ ಅನ್ನಿ. ನಮ್ಮಲ್ಲಿ ಹತ್ತು ಸೆಂಟಿಮೀಟರ್ ಗೆರೆ ಒಂಬತ್ತೂವರೆ ಬಂದಿತ್ತು. ಮಕ್ಕಳು ಸರಿಯಾಗೇ ಅಳೆದಿದ್ದರು. ನಾನೇ ಸುಮ್ನೆ ಬೈದೆ.

ಹೊಸದುರ್ಗದ ಟೀಚರ್: ಲ್ಯಾಮಿನೇಷನ್ ಎಲ್ಲದಕ್ಕೂ ಬೇಡ ಅಕ್ಕಾ. ಗೋಡೆಗೆ ಹಾಕಿದ ಮೇಲೆ ಬಾಗಿಲ ಬೆಳಕು ಅದರ ಮೇಲೆ ಬಿದ್ದು ಪಕ್ಕದಲ್ಲಿ ಕೂತವರಿಗೆ ಬರೀ ಹೊಳಪೇ ಕಾಣುತ್ತದೆ. ನೀವೂ ಒಂದು ಸಲ ಮಗು ಕೂರುವ ಜಾಗದಲ್ಲೇ ನೆಲದ ಮೇಲೆ ಕೂತು ನೋಡಿ. ಕೈಗೆ ಸಿಗುವ ಕಾರ್ಡಿಗೆ ಮಾತ್ರ ಮಾಡಿಸಿ.

ಇನ್ನು ಗಾಳಿ! ನಮ್ಮೂರಿನ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಆಷಾಢದಲ್ಲಿ ನಲಿಕಲಿ ಚಪ್ಪರಕ್ಕೆ, ಅಂದರೆ ಕೋಣೆಯಲ್ಲಿ ತಲೆಯ ಮೇಲೆ ಕಟ್ಟಿದ ದಾರಗಳಿಗೆ, ತೂಗಿಸಿದ ಕಾರ್ಡೆಲ್ಲ ಹರಿದು ಅಂಗಳ ಸೇರುತ್ತಿದ್ದವು. ಈಗ ತೂತು ಬರುವ ಜಾಗಕ್ಕೆ ಎರಡೂ ಕಡೆ ಟೇಪ್ ಅಂಟಿಸಿ, ಆಮೇಲೆ ಪಂಚ್ ಮಾಡುತ್ತೇನೆ. ಚಾರ್ಟಿನ ಕೆಳಅಂಚಿಗೆ ಸೀರೆಯಂಗಡಿಯ ರಟ್ಟಿನ ಪಟ್ಟಿ. ಆ ಭಾರಕ್ಕೆ ಚಾರ್ಟ್ ಸುರುಳಿಯೂ ಆಗುವುದಿಲ್ಲ.

ಚಿತ್ರದುರ್ಗದಿಂದ ಒಬ್ಬ ತಾಯಿ: ನಾನು ಟೀಚರ್ ಅಲ್ಲ. ಮಗಳಿಗೆ ಚುಕ್ಕಿ ಅಕ್ಷರದ ಹಾಳೆ ದಿನಾ ಪ್ರಿಂಟ್ ಹಾಕಿಸಿ ಸಾಕಾಗಿತ್ತು. ಈಗ ಒಂದೇ ಹಾಳೆಯನ್ನು ಫೈಲಿನ ಪ್ಲಾಸ್ಟಿಕ್ ಕವರಿನೊಳಗೆ ಹಾಕಿಡುತ್ತೇನೆ. ಅವಳು ವೈಟ್‌ಬೋರ್ಡ್ ಪೆನ್ನಿನಲ್ಲಿ ತಿದ್ದುತ್ತಾಳೆ, ಒರೆಸುತ್ತಾಳೆ. ಆದರೆ ಒರೆಸುವುದು ಯೂನಿಫಾರ್ಮಿನ ತೋಳಿನಲ್ಲಿ!

ಜಗಳೂರು ತಾಲ್ಲೂಕಿನ ಶಿಕ್ಷಕಿ: ಎಲ್ಲರಿಗೂ ಥ್ಯಾಂಕ್ಸ್. ಇಪ್ಪತ್ತೆರಡು ಚಾರ್ಟ್ ಇಳಿಸಿಟ್ಟಿದ್ದೆ. ಈಗ ಕೂತು ನೋಡಿದರೆ ಐದರಲ್ಲಿ ಒತ್ತಕ್ಷರ ಒಡೆದಿದೆ, ಒಂದರಲ್ಲಿ ಹಿಮದ ಗೊಂಬೆಯೂ ಇದೆ. ಶನಿವಾರ ದಾವಣಗೆರೆಗೆ ಬಂದು ಮೊದಲು ಕಾಗುಣಿತದ್ದು ಒಂದೇ ಹಾಕಿಸುತ್ತೇನೆ.